ಹಳೆಯ ಔಟ್‌ಬೋರ್ಡ್ ಮೋಟರ್ ಮಿಸ್ ಹೊಡೆಯುತ್ತಿದೆಯಾ? ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮದು ಗಂಗೊಳ್ಳಿ ಕಡೆಯ ನಾಡದೋಣಿ ಮನೆ. ದೋಣಿಯ ಹಿಂಬದಿಗೆ ಹೊರಗಿನಿಂದ ಕಟ್ಟುವ, ಅಪ್ಪನ ಕಾಲದ ಎರಡು ಸಿಲಿಂಡರಿನ ಟೂ ಸ್ಟ್ರೋಕ್ ಸೀಮೆಎಣ್ಣೆ ಮೋಟರ್ ಇವತ್ತಿಗೂ ನೀರಿಗೆ ಇಳಿಯುತ್ತದೆ. ಜೂನ್ 1ರಿಂದ ಜುಲೈ 31ರವರೆಗೆ ಮೀನುಗಾರಿಕೆ ನಿಷೇಧಕ್ಕೆ ದೊಡ್ಡ ಬೋಟುಗಳೆಲ್ಲ ದಡ ಸೇರಿದಾಗ ಕಡಲಿಗೆ ಹೋಗುವುದು ಇಂಥ ಮೋಟರ್ ಕಟ್ಟಿದ ದೋಣಿಗಳೇ. ಅಳಿವೆಯಲ್ಲಿ ಅಲೆ ಎದ್ದಿರುವಾಗ ಮೋಟರ್ ಕೈಕೊಟ್ಟರೆ ಏನಾಗುತ್ತದೆ ಅಂತ ಕರಾವಳಿಯವರಿಗೆ ನಾನು ಹೇಳಬೇಕಾಗಿಲ್ಲ. ಅದಕ್ಕೇ ಇದನ್ನು ಇಷ್ಟು ಉದ್ದಕ್ಕೆ ಬರೆದಿದ್ದೇನೆ. ಇಲ್ಲಿ ಹೇಳಿರುವುದು ಹಳೆಯ ಟೂ ಸ್ಟ್ರೋಕ್ ಮೋಟರುಗಳಿಗೆ. ಜಾನ್ಸನ್, ಎವಿನ್‌ರೂಡ್, ಯಮಹಾ, ಸುಜುಕಿ ಯಾವುದೇ ಇರಲಿ, ಒಳಗಿನ ಲೆಕ್ಕ ಹೆಚ್ಚುಕಡಿಮೆ ಒಂದೇ.

ಮೊದಲು ಎಲ್ಲಿಗೆ ಕೈ ಹಾಕಬೇಕು?

ಕಾರ್ಬೋರೇಟರಿಗೆ ಮಾತ್ರ ಬೇಡ. ಮೊದಲು ಕಂಪ್ರೆಷನ್ (ಸಿಲಿಂಡರಿನ ಒಳಗಿನ ಒತ್ತಡ) ನೋಡಿ, ಆಮೇಲೆ ಸ್ಪಾರ್ಕ್, ಕೊನೆಗೆ ಎಣ್ಣೆ. ಎಣ್ಣೆ ಅಂದರೆ ಇಲ್ಲಿ ಉರಿಯುವ ಪೆಟ್ರೋಲ್, ಸೀಮೆಎಣ್ಣೆ; ಅದಕ್ಕೆ ಬೆರೆಸುವುದನ್ನು ಆಯಿಲ್ ಅಂತಲೇ ಬರೆದಿದ್ದೇನೆ. ನಾನು ಯಾರಿಗೇ ಆದರೂ ಹೇಳುವುದು ಇದೇ ಕ್ರಮ.

ಕಾರ್ಬೋರೇಟರಿನ ಸ್ಕ್ರೂ ಕಣ್ಣಿಗೆ ಬೀಳುವ ಜಾಗದಲ್ಲಿದೆ, ತಿರುಗಿಸುವುದೂ ಸುಲಭ. ಹಾಗಾಗಿ ಎಲ್ಲರ ಕೈ ಅಲ್ಲಿಗೇ ಹೋಗುತ್ತದೆ. ತಿರುಗಿಸಿದ ಮೇಲೆ ಮೊದಲಿನ ಸೆಟ್ಟಿಂಗ್ ಎಲ್ಲಿತ್ತು ಅಂತ ಗೊತ್ತಾಗುವುದಿಲ್ಲ. ಒಂದು ತೊಂದರೆ ಇದ್ದದ್ದು ಎರಡಾಗುತ್ತದೆ. ಕಂಪ್ರೆಷನ್ ಹೋಗಿದ್ದರೆ ಯಾವ ಸ್ಕ್ರೂ ತಿರುಗಿಸಿದರೂ ಪ್ರಯೋಜನ ಇಲ್ಲ, ಅದನ್ನು ನೋಡುವುದಕ್ಕೆ ಬೇಕಾದದ್ದು ಹತ್ತೇ ನಿಮಿಷ. ಅದಕ್ಕೇ ಅದು ಮೊದಲು.

ಮಿಸ್ ಹೊಡೆಯುವುದೆಲ್ಲ ಒಂದೇ ಅಲ್ವಾ?

ಅಲ್ಲ. ಬಿಚ್ಚುವ ಮುಂಚೆ ಐದು ನಿಮಿಷ ಕಿವಿಗೊಟ್ಟು ಕೇಳಿ. ನಿಧಾನಕ್ಕೆ ಇಟ್ಟಾಗ ಮಾತ್ರ ಮುಗ್ಗರಿಸಿ, ಜೋರು ಮಾಡಿದರೆ ಸರಿಯಾಗುತ್ತದಾ? ನಿಧಾನದಲ್ಲಿ ಚೆನ್ನಾಗಿದ್ದು, ಜೋರು ಮಾಡಿದರೆ ಉಸಿರುಗಟ್ಟುತ್ತದಾ? ಶುರುವಿನಲ್ಲಿ ಸರಿ ಇದ್ದು ಬಿಸಿಯಾದ ಮೇಲೆ ಕೆಡುತ್ತದಾ? ಪ್ರತಿಯೊಂದಕ್ಕೂ ಹುಡುಕುವ ಜಾಗ ಬೇರೆ.

ಶಬ್ದವೂ ಹೇಳಿಕೊಡುತ್ತದೆ. ಕಾರ್ಬೋರೇಟರಿನ ಬಾಯಿಂದ 'ಫಟ್' ಅಂತ ಸೀನಿದ ಹಾಗೆ ಕೇಳಿದರೆ ಎಣ್ಣೆ ಸಾಲುತ್ತಿಲ್ಲ. ಒಂದು ಸಲ ಉರಿದು ಒಂದು ಸಲ ಬಿಟ್ಟು, 'ಬಡ... ಬಡ...' ಅಂತ ಹೊಗೆ ಕಾರುತ್ತಾ ಓಡಿದರೆ ಎಣ್ಣೆ ಜಾಸ್ತಿಯಾಗಿದೆ.

ಎರಡರಲ್ಲಿ ಯಾವ ಸಿಲಿಂಡರ್ ಕೆಲಸ ಮಾಡುತ್ತಿಲ್ಲ ಅಂತ ಹೇಗೆ ತಿಳಿಯುವುದು?

ಮೋಟರ್ ನಿಲ್ಲಿಸಿ. ಒಂದು ಪ್ಲಗ್ಗಿನ ವೈರ್ ತೆಗೆದು, ಅದರ ತುದಿಯನ್ನು ಮೋಟರಿನ ಮೈಗೆ ಅರ್ಥ್ ಮಾಡಿ ಕಟ್ಟಿ. ಈಗ ಸ್ಟಾರ್ಟ್ ಮಾಡಿ ನೋಡಿ. ಆಮೇಲೆ ಇನ್ನೊಂದಕ್ಕೂ ಹಾಗೇ ಮಾಡಿ. ಯಾವ ವೈರ್ ತೆಗೆದಾಗ ಓಟದಲ್ಲಿ ಏನೂ ವ್ಯತ್ಯಾಸ ಆಗಲಿಲ್ಲವೋ ಆ ಸಿಲಿಂಡರ್ ಮೊದಲೇ ಕೆಲಸ ಬಿಟ್ಟಿತ್ತು ಅಂತ ಅರ್ಥ. ವೈರನ್ನು ಗಾಳಿಯಲ್ಲಿ ಬಿಡಬೇಡಿ. ಸಿಡಿಐ (ಕಿಡಿ ಕೊಡಿಸುವ ಎಲೆಕ್ಟ್ರಾನಿಕ್ ಪೆಟ್ಟಿಗೆ) ಇರುವ ಮೋಟರಿನಲ್ಲಿ ಹಾಗೆ ಬಿಟ್ಟರೆ ಕಿಡಿಗೆ ಬೇಕಾದ ಕರೆಂಟು ಏರಿಸುವ ಕಾಯಿಲ್, ಸಿಡಿಐ ಎರಡಕ್ಕೂ ಪೆಟ್ಟು. ಓಡುತ್ತಿರುವಾಗ ಬರಿಗೈಯಲ್ಲಿ ವೈರ್ ಎಳೆಯುವುದಂತೂ ಬೇಡವೇ ಬೇಡ.

ಕಂಪ್ರೆಷನ್ ಎಷ್ಟಿರಬೇಕು?

ಎಲ್ಲ ಮೋಟರಿಗೂ ಹೊಂದುವ ಒಂದು ಅಂಕಿ ಇಲ್ಲ. ಸೀಮೆಎಣ್ಣೆ ಬೇಗ ನಾಕಿಂಗ್ ಕೊಡುತ್ತದೆ, ಅಂದರೆ ಒತ್ತಡಕ್ಕೆ ತಾನಾಗಿ ಹೊತ್ತಿ ಟಕಟಕ ಬಡಿಯುತ್ತದೆ. ಹಾಗಾಗಿ ಸೀಮೆಎಣ್ಣೆ ಮೋಟರುಗಳ ಕಂಪ್ರೆಷನ್ ಪೆಟ್ರೋಲಿನವಕ್ಕಿಂತ ಕಡಿಮೆ ಇಟ್ಟಿರುತ್ತಾರೆ. 1950ರ ದಶಕದ ಹಳೆಯ ಮೋಟರುಗಳಲ್ಲೂ ಕಡಿಮೆಯೇ. ನಾವು ನೋಡಬೇಕಾದದ್ದು ಎರಡು ಸಿಲಿಂಡರಿನ ನಡುವಿನ ವ್ಯತ್ಯಾಸ. ಅದು ಶೇಕಡಾ 10ರ ಒಳಗೆ ಇದ್ದರೆ ಒಳ್ಳೆಯದು. ಎರಡೂ 75 ಪಿಎಸ್‌ಐ (ಒತ್ತಡದ ಅಳತೆ) ತೋರಿಸುವ ಹಳೆಯ ಮೋಟರ್ ಚೆಂದ ಓಡುತ್ತದೆ. ಒಂದು 95, ಇನ್ನೊಂದು 60 ಬಂದರೆ ಸರಿಯಾಗಿ ಓಡುವುದಿಲ್ಲ.

ಪ್ಲಗ್ಗಿನ ತೂತಿಗೆ ಕಂಪ್ರೆಷನ್ ಗೇಜ್ ಹಾಕಿ ಅಳೆಯುವಾಗ ಎರಡೂ ಪ್ಲಗ್ ತೆಗೆದಿರಲಿ, ವೈರುಗಳು ಅರ್ಥ್ ಆಗಿರಲಿ, ಥ್ರಾಟಲ್ ಪೂರ್ತಿ ತೆರೆದಿರಲಿ. ನಾಲ್ಕೈದು ಸಲ ಹಗ್ಗ ಜೋರಾಗಿ ಎಳೆಯಿರಿ. ಒಂದರಲ್ಲಿ ಕಡಿಮೆ ಬಂದರೆ ಹೆಡ್ ಗ್ಯಾಸ್ಕೆಟ್ ಹೋಗಿರಬಹುದು, ಇಲ್ಲವೇ ಪಿಸ್ಟನ್ನಿನ ರಿಂಗ್ ಕಾರ್ಬನ್ ಹಿಡಿದು ಅಂಟಿಕೊಂಡಿರಬಹುದು. ಅಂಟಿದ ರಿಂಗ್ ಆದರೆ ಕಾರ್ಬನ್ ಕರಗಿಸುವ ದ್ರವವನ್ನು ಪ್ಲಗ್ಗಿನ ತೂತಿನಿಂದ ಹಾಕಿ ಒಂದು ರಾತ್ರಿ ಬಿಟ್ಟರೆ ಎಷ್ಟೋ ಸಲ ಬಿಟ್ಟುಕೊಳ್ಳುತ್ತದೆ. ಬೆಳಿಗ್ಗೆ ಪ್ಲಗ್ ಹಾಕುವ ಮುಂಚೆ ಹಗ್ಗ ಎಳೆದು ಒಳಗೆ ಉಳಿದ ದ್ರವವನ್ನು ಹೊರಗೆ ಹಾಕಿ.

ಸ್ಪಾರ್ಕ್ ಬರುತ್ತಿದೆ, ಆದರೂ ಮಿಸ್ ಹೊಡೆಯುತ್ತದೆ. ಯಾಕೆ?

ಪ್ಲಗ್ ತೆಗೆದು ಮೋಟರಿನ ಮೈಗೆ ಹಿಡಿದು ನೋಡಿದಾಗ ಬರುವ ಸ್ಪಾರ್ಕನ್ನು ಪೂರ್ತಿ ನಂಬಬೇಡಿ. ಹೊರಗೆ ಗಾಳಿಯಲ್ಲಿ ಕಿಡಿ ಹಾರುವುದು ಸುಲಭ, ಸಿಲಿಂಡರಿನ ಒಳಗೆ ಒತ್ತಡದಲ್ಲಿ ಹಾರುವುದು ಕಷ್ಟ. ಸ್ಪಾರ್ಕ್ ಟೆಸ್ಟರ್ ಇಟ್ಟುಕೊಂಡು 6 ಮಿಲಿಮೀಟರಿನಷ್ಟು ದೂರ ನೀಲಿ ಕಿಡಿ 'ಚಟ್ ಚಟ್' ಅಂತ ಹಾರುತ್ತದಾ ನೋಡಿ. ಹಳದಿಯಾಗಿ, ತೆಳ್ಳಗೆ ಬಂದರೆ ಅದು ಸೊರಗಿದ ಕಿಡಿ. ನೋಡುವಾಗ ಪ್ಲಗ್ಗಿನ ತೂತಿನಿಂದ ದೂರ ಹಿಡಿಯಿರಿ. ಅಲ್ಲಿಂದ ಎಣ್ಣೆಯ ಆವಿ ಹೊರಗೆ ಬರುತ್ತಿರುತ್ತದೆ, ಬೆಂಕಿ ಹತ್ತೀತು.

ನಮ್ಮ ಮೋಟರಿನ ಕಥೆ ಹೇಳುತ್ತೇನೆ. ಒಂದು ಮಳೆಗಾಲ ಪೂರ್ತಿ ಅದು ಬೆಳಗಿನ ಜಾವ ಮಿಸ್ ಹೊಡೆಯುತ್ತಿತ್ತು, ಬಿಸಿಲು ಬಂದ ದಿನ ಸರಿಯಾಗುತ್ತಿತ್ತು. ನಾನು ಮೂರು ಸಲ ಕಾರ್ಬೋರೇಟರ್ ಬಿಚ್ಚಿ ತೊಳೆದೆ. ಪ್ಲಗ್ ಹೊಸದು ಹಾಕಿದೆ. ಏನೂ ಆಗಲಿಲ್ಲ. ಒಂದು ಸಂಜೆ ಕತ್ತಲಾಗುವವರೆಗೂ ಅದರ ಮುಂದೆ ಕೂತಿದ್ದೆ. ಮುಚ್ಚಳ ತೆಗೆದಿತ್ತು, ಮೋಟರ್ ಓಡುತ್ತಿತ್ತು. ಮೇಲಿನ ಪ್ಲಗ್ಗಿನ ವೈರ್ ಒಂದು ಕಬ್ಬಿಣದ ಕ್ಲಿಪ್ಪಿನ ಕೆಳಗೆ ಬಾಗುವ ಜಾಗದಲ್ಲಿ ಸಾಸಿವೆ ಕಾಳಿನಷ್ಟು ನೀಲಿ ಬೆಳಕು ಮಿಣುಕ್ ಮಿಣುಕ್ ಅಂತಿತ್ತು. ಟಾರ್ಚ್ ಹಾಕಿದರೆ ಕಾಣದು, ಆರಿಸಿದರೆ ಕಾಣುತ್ತದೆ. ವರ್ಷಾನುಗಟ್ಟಲೆ ಅಲುಗಾಡಿ ಆ ಕ್ಲಿಪ್ಪು ರಬ್ಬರನ್ನು ತಿಂದಿತ್ತು. ಮೇಲೆ ಉಪ್ಪಿನ ಪದರ. ತೇವ ಇದ್ದಾಗ ಕರೆಂಟು ಪ್ಲಗ್ಗಿಗೆ ಹೋಗುವ ಬದಲು ಅಲ್ಲೇ ಹಾರಿಬಿಡುತ್ತಿತ್ತು. ಒಂದಡಿ ವೈರಿನ ಕೆಲಸ ಅಷ್ಟೇ.

ಅಂದಿನಿಂದ ಸ್ಪಾರ್ಕಿನ ವಿಷಯದಲ್ಲಿ ನನ್ನ ಮೊದಲ ಪರೀಕ್ಷೆ ಕತ್ತಲಲ್ಲಿ. ನೀವೂ ಒಮ್ಮೆ ಮಾಡಿ ನೋಡಿ. ಮೇಲೆ ತಿರುಗುವ ಫ್ಲೈವೀಲಿಗೆ ಮಾತ್ರ ಕೈ, ಬಟ್ಟೆ, ಕೂದಲು ಯಾವುದೂ ತಾಗದ ಹಾಗೆ ದೂರ ಕೂತು ನೋಡಿ.

ಪ್ಲಾಟಿನಂ ಪಾಯಿಂಟ್ ಹೇಗೆ ಕ್ಲೀನ್ ಮಾಡುವುದು?

ಪಾಯಿಂಟ್ ಅಂದರೆ ಫ್ಲೈವೀಲಿನ ಕೆಳಗಿದ್ದು ಕಿಡಿಯ ಕರೆಂಟನ್ನು ಕಡಿದು ಜೋಡಿಸುವ ಚಿಕ್ಕ ಸ್ವಿಚ್. ವರ್ಷಗಟ್ಟಲೆ ಓಡಿಸದೆ ಇಟ್ಟ ಮೋಟರಿನಲ್ಲಿ ಅದರ ಮುಖದ ಮೇಲೆ ತೆಳ್ಳನೆಯ ಪೊರೆ ಬಂದಿರುತ್ತದೆ. ಕಣ್ಣಿಗೆ ಕಾಣದಿದ್ದರೂ ಸ್ಪಾರ್ಕ್ ನಿಲ್ಲಿಸಲು ಅಷ್ಟು ಸಾಕು. ಪಾಯಿಂಟ್ ಫೈಲ್ ಇದ್ದರೆ ಎರಡು ಸಲ ಮೆಲ್ಲಗೆ ಎಳೆಯಿರಿ. ಎಮ್ರಿ ಕಾಗದ ಬೇಡ, ಅದರ ಪುಡಿ ಮುಖದಲ್ಲೇ ಹೂತುಕೊಳ್ಳುತ್ತದೆ. ಕೊನೆಗೆ ಒಂದು ವಿಸಿಟಿಂಗ್ ಕಾರ್ಡಿಗೆ ಸ್ಪಿರಿಟ್ ಹಚ್ಚಿ ಪಾಯಿಂಟಿನ ನಡುವೆ ಹಾಕಿ ಎಳೆಯಿರಿ. ಕಾರ್ಡಿನ ಮೇಲೆ ಕಪ್ಪು ಗೆರೆ ಬೀಳುವುದು ನಿಲ್ಲುವವರೆಗೆ ಮಾಡಿ.

ಗ್ಯಾಪ್ ಆಯಾ ಮೋಟರಿನ ಪುಸ್ತಕದಲ್ಲಿ ಇರುವಷ್ಟೇ ಇಡಬೇಕು. 1950–60ರ ದಶಕದ ಜಾನ್ಸನ್, ಎವಿನ್‌ರೂಡ್ ಮೋಟರುಗಳ ಸಾಮಾನ್ಯ ಮ್ಯಾಗ್ನೆಟೋದಲ್ಲಿ (ಫ್ಲೈವೀಲಿನ ಅಯಸ್ಕಾಂತದಿಂದ ಕರೆಂಟು ಹುಟ್ಟಿಸುವ ಭಾಗ) ಅದು 0.020 ಇಂಚು, ಅಂದರೆ ಅರ್ಧ ಮಿಲಿಮೀಟರ್. ಎರಡು ಸೆಟ್ ಪಾಯಿಂಟ್ ಇದ್ದರೆ ಎರಡರದ್ದೂ ಸರಿಸಮ ಇರಲಿ. ಗ್ಯಾಪ್ ಬದಲಾದರೆ ಟೈಮಿಂಗ್ ಕೂಡ ಬದಲಾಗುತ್ತದೆ. ಒಂದು ಸಿಲಿಂಡರ್ ಬೇಗ, ಇನ್ನೊಂದು ತಡವಾಗಿ ಉರಿದರೆ ಮೋಟರ್ ಕುಲುಕದೆ ಇನ್ನೇನು ಮಾಡೀತು?

ಫ್ಲೈವೀಲ್ ತೆಗೆಯುವುದು ಕಷ್ಟವಾ?

ಸರಿಯಾದ ಪುಲ್ಲರ್ ಇದ್ದರೆ ಕಷ್ಟ ಇಲ್ಲ. ನಡುವಿನ ಹಬ್ಬಿನಲ್ಲಿರುವ ಮೂರು ತೂತಿಗೆ ಬೋಲ್ಟ್ ಹಾಕಿ ಎಳೆಯುವ ಪುಲ್ಲರೇ ಆಗಬೇಕು. ಅಂಚಿಗೆ ಕೊಕ್ಕೆ ಹಾಕಿ ಎಳೆದರೆ ಫ್ಲೈವೀಲ್ ಸೊಟ್ಟಗಾಗುತ್ತದೆ. ಸುತ್ತಿಗೆಯಿಂದ ಹೊಡೆದರೆ ಒಳಗಿನ ಅಯಸ್ಕಾಂತಕ್ಕೆ, ಕ್ರ್ಯಾಂಕಿಗೆ ಪೆಟ್ಟು. ತೆಗೆದಾಗ ಫ್ಲೈವೀಲನ್ನು ಕ್ರ್ಯಾಂಕಿಗೆ ಹಿಡಿದಿಡುವ ಚಿಕ್ಕ ಕೀ ನೋಡಲು ಮರೆಯಬೇಡಿ. ಮರಳದಿಬ್ಬಕ್ಕೆ ಹೊಡೆದು ಮೋಟರ್ ಒಮ್ಮೆಗೇ ನಿಂತಿದ್ದರೆ ಆ ಕೀ ಅರ್ಧ ಕತ್ತರಿಸಿ ಟೈಮಿಂಗ್ ಸರಿದಿರುತ್ತದೆ. ಸ್ಪಾರ್ಕ್ ಇದೆ, ಎಣ್ಣೆ ಇದೆ, ಹಗ್ಗ ಮಾತ್ರ ಹಿಂದಕ್ಕೆ ಎಳೆಯುತ್ತದೆ ಅಂದರೆ ಮೊದಲ ಅನುಮಾನ ಇದರ ಮೇಲೆ.

ಕಾಲು ಗಂಟೆ ಚೆನ್ನಾಗಿ ಓಡಿ ಆಮೇಲೆ ಒಂದು ಸಿಲಿಂಡರ್ ಬಿಡುತ್ತದೆ. ತಣ್ಣಗಾದರೆ ಮತ್ತೆ ಸರಿ.

ಬಹುತೇಕ ಕಾಯಿಲ್. ಬಿಸಿಗೆ ಒಳಗಿನ ಸುರುಳಿ ಹಿಗ್ಗಿ ಕನೆಕ್ಷನ್ ಬಿಡುತ್ತದೆ. ಹಳೆಯ ಜಾನ್ಸನ್, ಎವಿನ್‌ರೂಡ್ ಕಾಯಿಲುಗಳ ಮೈ ಬಿರುಕು ಬಿಡುವುದು ಬಹಳ ಸಾಮಾನ್ಯ. ಕಂಡೆನ್ಸರ್ ಕೂಡ ಹೀಗೆ ಮಾಡಬಹುದು.

ಖಾತ್ರಿ ಮಾಡಿಕೊಳ್ಳುವ ದಾರಿ ಇದು. ಎರಡು ಕಾಯಿಲ್ ಒಂದೇ ಥರ ಇದ್ದರೆ ಅದಲು ಬದಲು ಮಾಡಿ. ತೊಂದರೆ ಮೇಲಿನ ಸಿಲಿಂಡರಿನಿಂದ ಕೆಳಗಿನದಕ್ಕೆ ಹೋದರೆ ಕಾಯಿಲ್ ಕೆಟ್ಟಿದೆ. ಅಲ್ಲೇ ಉಳಿದರೆ ಕಾಯಿಲ್ ಸರಿ ಇದೆ, ಬೇರೆ ಕಡೆ ಹುಡುಕಿ. ಪ್ಲಗ್ಗಿಗೂ ಇದೇ ಪರೀಕ್ಷೆ. ಒಂದು ಪೈಸೆ ಖರ್ಚಿಲ್ಲ.

ಪ್ಲಗ್ಗಿನ ಬಣ್ಣ ನೋಡಿ ಏನು ತಿಳಿಯಬಹುದು?

ಕಾಫಿ ಬಣ್ಣ ಇದ್ದರೆ ಸರಿ. ಕಪ್ಪಗೆ ಜಿಡ್ಡಾಗಿದ್ದರೆ ಎಣ್ಣೆ ಜಾಸ್ತಿ, ಇಲ್ಲವೇ ಕಿಡಿ ಸೊರಗಿದೆ. ಸುಣ್ಣದ ಹಾಗೆ ಬೆಳ್ಳಗಿದ್ದರೆ ಎಣ್ಣೆ ಸಾಲದೆ ಬಿಸಿ ಏರಿದೆ. ತಕ್ಷಣ ಓಡಿಸುವುದು ನಿಲ್ಲಿಸಿ, ಪಿಸ್ಟನ್ ಸೀಜ್ ಆದೀತು. ಒಂದು ಒಣಗಿ, ಇನ್ನೊಂದು ಒದ್ದೆಯಾಗಿದ್ದರೆ ಒದ್ದೆಯದ್ದು ಉರಿಯುತ್ತಿಲ್ಲ. ಒಂದೇ ಒಂದು ಪ್ಲಗ್ ತೊಳೆದ ಹಾಗೆ ಫಳಫಳ ಹೊಳೆಯುತ್ತಿದ್ದರೆ ಗ್ಯಾಸ್ಕೆಟ್ ಮೂಲಕ ಒಳಗೆ ನೀರು ಬರುತ್ತಿದೆ.

ಪೆಟ್ರೋಲ್ ಹಳೆಯದಾದರೆ ಅಷ್ಟೊಂದು ತೊಂದರೆನಾ?

ಹೌದು, ಈಗ ಮೊದಲಿಗಿಂತ ಜಾಸ್ತಿ. ಶೇಕಡಾ 20 ಎಥನಾಲ್ ಬೆರೆಸಿದ ಇ20 ಪೆಟ್ರೋಲನ್ನು 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲೇ ಬಿಡುಗಡೆ ಮಾಡಿದರು. ಈಗ ಬಂಕಿನಲ್ಲಿ ಸಿಗುವುದು ಹೆಚ್ಚಾಗಿ ಅದೇ. ಎಥನಾಲ್ ಗಾಳಿಯ ತೇವ ಹೀರುತ್ತದೆ. ಕರಾವಳಿಯ ಮಳೆಗಾಲದಲ್ಲಿ ಅರ್ಧ ತುಂಬಿದ ಟ್ಯಾಂಕ್ ಇಟ್ಟರೆ ಎಷ್ಟು ತೇವ ಸೇರುತ್ತದೆ ಅಂತ ಯೋಚಿಸಿ. ನೀರು ಮಿತಿ ಮೀರಿದಾಗ ಎಥನಾಲ್ ಮತ್ತು ನೀರು ಒಟ್ಟಾಗಿ ತಳಕ್ಕೆ ಇಳಿಯುತ್ತವೆ. ನಾವು ಬೆರೆಸಿದ ಟೂ ಟಿ ಆಯಿಲ್ ಮೇಲಿನ ಪೆಟ್ರೋಲಿನಲ್ಲೇ ಉಳಿಯುತ್ತದೆ. ಪೈಪು ಎಳೆಯುವುದು ತಳದಿಂದ. ಅಂದರೆ ಮೋಟರಿಗೆ ಹೋಗುವುದು ಆಯಿಲ್ ಇಲ್ಲದ ನೀರು. ಮಿಸ್ ಹೊಡೆಯುವುದು ಬಿಡಿ, ಬೇರಿಂಗೇ ಹೋಗುತ್ತದೆ.

ಟ್ಯಾಂಕಿನ ತಳದಿಂದ ಒಂದು ಗಾಜಿನ ಬಾಟಲಿಗೆ ಹಿಡಿದು ಹತ್ತು ನಿಮಿಷ ಅಲುಗಾಡಿಸದೆ ಇಡಿ. ಕೆಳಗೆ ಬೇರೆ ಪದರ ಕಂಡರೆ ಅಷ್ಟನ್ನೂ ತೆಗೆದುಹಾಕಿ. ಸೀಮೆಎಣ್ಣೆಗೂ ಹೀಗೇ ಮಾಡಿ, ಬ್ಯಾರಲ್ಲಿನ ತಳದಲ್ಲಿ ನೀರು ಇರುವುದು ಹೊಸತೇನಲ್ಲ. ಹಳೆಯ ರಬ್ಬರ್ ಪೈಪುಗಳೂ ಎಥನಾಲಿಗೆ ಒಳಗಿನಿಂದ ಉಬ್ಬಿ ಸಿಪ್ಪೆ ಬಿಡುತ್ತವೆ. ಹೊರಗೆ ನೋಡಿದರೆ ಗೊತ್ತಾಗುವುದೇ ಇಲ್ಲ.

ಜೋರು ಮಾಡಿದರೆ ಉಸಿರುಗಟ್ಟುತ್ತದೆ. ಎಣ್ಣೆ ಪೈಪಿನ ರಬ್ಬರ್ ಬಲ್ಬ್ ಹಿಂಡಿದರೆ ಸರಿಯಾಗುತ್ತದೆ.

ಒಳ್ಳೆಯ ಸುಳಿವು ಕೊಟ್ಟಿದ್ದೀರಿ. ಕಾರ್ಬೋರೇಟರಿಗೆ ಎಣ್ಣೆ ತಲುಪುತ್ತಿಲ್ಲ ಅಂತ ಅರ್ಥ. ಮೊದಲು ಟ್ಯಾಂಕ್ ಮುಚ್ಚಳದ ಗಾಳಿ ಸ್ಕ್ರೂ ತೆರೆದಿದೆಯಾ ನೋಡಿ. ಎಷ್ಟೋ ಸಲ ಅಷ್ಟೇ ಆಗಿರುತ್ತದೆ. ಆಮೇಲೆ ಪೈಪಿನ ಕನೆಕ್ಟರಿನ ಓ ರಿಂಗ್, ಫಿಲ್ಟರ್, ಕೊನೆಗೆ ಪಂಪಿನ ಡಯಾಫ್ರಮ್ (ಒಳಗಿನ ತೆಳು ಪೊರೆ). ಡಯಾಫ್ರಮ್ ಬೆಳಕಿಗೆ ಹಿಡಿದರೆ ಸೂಜಿ ತೂತೂ ಕಾಣುತ್ತದೆ. 1950ರ ದಶಕದ ಕೆಲವು ಅಮೆರಿಕನ್ ಮೋಟರುಗಳಿಗೆ ಪಂಪೇ ಇಲ್ಲ, ಎರಡು ಪೈಪಿನ ಪ್ರೆಷರ್ ಟ್ಯಾಂಕ್ ಇರುತ್ತದೆ. ಅದರ ಮುಚ್ಚಳದಿಂದ ಗಾಳಿ ಸೋರಿದರೂ ಇದೇ ಕಥೆ.

ಈಗಲಾದರೂ ಕಾರ್ಬೋರೇಟರ್ ಬಿಚ್ಚಬಹುದಾ?

ಬಿಚ್ಚಿ. ಬಿಚ್ಚುವ ಮುಂಚೆ ಸ್ಕ್ರೂವನ್ನು ಮೆಲ್ಲಗೆ ಒಳಗೆ ತಿರುಗಿಸಿ, ಎಷ್ಟು ಸುತ್ತಿಗೆ ಕೂರುತ್ತದೆ ಅಂತ ಎಣಿಸಿ ಬರೆದಿಟ್ಟುಕೊಳ್ಳಿ. ಬಿಗಿಯಾಗಿ ಒತ್ತಬೇಡಿ, ಸೂಜಿಯ ತುದಿಯಲ್ಲಿ ಬಳೆ ಬೀಳುತ್ತದೆ. ಹಳೆಯ ಎಣ್ಣೆ ಒಣಗಿ ಬೆಲ್ಲದ ಪಾಕದ ಹಾಗೆ ಅಂಟಿರುತ್ತದೆ. ಜೆಟ್ಟಿನ ತೂತಿಗೆ ತಂತಿ ಹಾಕಿದರೆ ತೂತು ದೊಡ್ಡದಾಗುತ್ತದೆ. ಅದಕ್ಕೆ ನಾನು ಗಾಳದ ನೈಲಾನ್ ದಾರ ಬಳಸುತ್ತೇನೆ, ದೋಣಿಯಲ್ಲಿ ಹೇಗೂ ಇರುತ್ತದಲ್ವಾ. ಆಮೇಲೆ ಗಾಳಿ ಹೊಡೆಸಿ.

ತುಂಬ ಹಳೆಯ ಮೋಟರಿನಲ್ಲಿ ಫ್ಲೋಟ್ ಬೆಂಡಿನದ್ದು, ಮೇಲೆ ಅರಗಿನ ವಾರ್ನಿಷ್ ಬಳಿದಿರುತ್ತಾರೆ. ಎಥನಾಲ್ ಆ ವಾರ್ನಿಷನ್ನು ಕರಗಿಸುತ್ತದೆ. ಬೆಂಡು ಎಣ್ಣೆ ಕುಡಿದು ಭಾರವಾಗಿ ಮುಳುಗುತ್ತದೆ, ಕಾರ್ಬೋರೇಟರ್ ಉಕ್ಕುತ್ತದೆ. ಈಗಿನ ಪೆಟ್ರೋಲಿಗೆ ತಡೆಯುವ ಫ್ಲೋಟ್ ಹಾಕಿಸಿ.

ಮತ್ತೆ ಜೋಡಿಸಿದ ಮೇಲೆ ನಿಧಾನದ ಸ್ಕ್ರೂ ಒಂದೂವರೆ ಸುತ್ತು ಹೊರಗೆ ಇಟ್ಟು ಶುರು ಮಾಡಿ. ಮೋಟರ್ ಬಿಸಿಯಾದ ಮೇಲೆ, ನೀರಿನಲ್ಲಿ, ಗೇರ್ ಹಾಕಿ, ಎಂಟನೇ ಒಂದು ಸುತ್ತಿನಷ್ಟು ಒಳಗೆ ತಿರುಗಿಸುತ್ತಾ ಹೋಗಿ. ಪ್ರತಿ ಸಲವೂ ಅರ್ಧ ನಿಮಿಷ ಕಾಯಿರಿ. ಸೀನಲು ಶುರು ಮಾಡಿದ ಜಾಗದಿಂದ ಸ್ವಲ್ಪ ಹೊರಗೆ ತಂದು ಬಿಡಿ.

ಪೆಟ್ರೋಲಿನಲ್ಲಿ ಚೆನ್ನಾಗಿದೆ, ಸೀಮೆಎಣ್ಣೆಗೆ ತಿರುಗಿಸಿದ ಕೂಡಲೇ ಮುಗ್ಗರಿಸುತ್ತದೆ.

ಮೋಟರ್ ಇನ್ನೂ ಬಿಸಿಯಾಗಿಲ್ಲ. ಸೀಮೆಎಣ್ಣೆ ಆವಿಯಾಗಲು ಶಾಖ ಬೇಕು. ಪೆಟ್ರೋಲಿನಲ್ಲಿ ಸ್ಟಾರ್ಟ್ ಮಾಡಿ, ಕೆಲವು ನಿಮಿಷ ಓಡಿಸಿ, ಆಮೇಲೆ ಕಾಕ್ ತಿರುಗಿಸಿ. ಬಲೆ ಬಿಡುವಾಗ ಗಂಟೆಗಟ್ಟಲೆ ನಿಧಾನಕ್ಕೆ ಓಡಿಸಿದರೂ ಮೋಟರ್ ತಣ್ಣಗಾಗಿ ಪ್ಲಗ್ ಕಪ್ಪಾಗುತ್ತದೆ. ಮೋಟರ್ ತೀರಾ ತಣ್ಣಗಾಗದಂತೆ ನೋಡಿಕೊಳ್ಳುವ ಥರ್ಮೋಸ್ಟಾಟ್ ಕಿತ್ತು ಬಿಸಾಡಿದವರಿಗಂತೂ ಈ ತೊಂದರೆ ತಪ್ಪುವುದಿಲ್ಲ. ದಡಕ್ಕೆ ಬರುವ ಮುಂಚೆ ಮರೆಯದೆ ಪೆಟ್ರೋಲಿಗೆ ತಿರುಗಿಸಿ, ಕಾರ್ಬೋರೇಟರಿನಲ್ಲಿರುವ ಸೀಮೆಎಣ್ಣೆ ಖಾಲಿಯಾಗಲಿ. ಇಲ್ಲದಿದ್ದರೆ ಮರುದಿನ ಹಗ್ಗ ಎಳೆದು ಎಳೆದು ಭುಜ ನೋಯುತ್ತದೆ.

ಸ್ಪಾರ್ಕ್, ಎಣ್ಣೆ, ಕಂಪ್ರೆಷನ್ ಎಲ್ಲ ಸರಿ. ಆದರೂ ನಿಧಾನದಲ್ಲಿ ನಿಲ್ಲುವುದಿಲ್ಲ.

ಗಾಳಿ ಸೋರುತ್ತಿದೆ. ಟೂ ಸ್ಟ್ರೋಕಿನಲ್ಲಿ ಎಣ್ಣೆ ಮೊದಲು ಪಿಸ್ಟನ್ನಿನ ಹಿಂದಿನ ಗೂಡಾದ ಕ್ರ್ಯಾಂಕ್‌ಕೇಸಿಗೆ ಬಂದು ಅಲ್ಲಿಂದ ಮೇಲೆ ಹೋಗಬೇಕು. ಕ್ರ್ಯಾಂಕಿನ ಆಯಿಲ್ ಸೀಲ್ ಸವೆದಿದ್ದರೆ ಅಲ್ಲಿ ಹೊರಗಿನ ಗಾಳಿ ಸೇರಿಕೊಳ್ಳುತ್ತದೆ. ಜೋರಿನಲ್ಲಿ ಅದು ಅಷ್ಟು ಗೊತ್ತಾಗದು, ನಿಧಾನದಲ್ಲಿ ಎದ್ದು ಕಾಣುತ್ತದೆ. ಕಾರ್ಬೋರೇಟರಿನ ಬಾಯಿಂದ ಎಣ್ಣೆಯ ಮಂಜು ಹಿಂದಕ್ಕೆ ಉಗುಳುತ್ತಿದ್ದರೆ ಎಣ್ಣೆಯನ್ನು ಒಳಗೆ ಮಾತ್ರ ಬಿಡುವ ರೀಡ್ ವಾಲ್ವಿನ ಎಲೆ ಮುರಿದಿದೆ ಇಲ್ಲವೇ ಬಾಗಿದೆ.

ಮನೆಯಲ್ಲಿ ಡ್ರಮ್ಮಿನಲ್ಲಿ ಓಡಿಸಿದರೆ ಮಾತ್ರ ಮಿಸ್ ಹೊಡೆಯುತ್ತದೆ.

ಡ್ರಮ್ಮಿನ ನೀರಿನಿಂದ ಮೇಲೆದ್ದ ಹೊಗೆಯನ್ನು ಮೋಟರೇ ಮತ್ತೆ ಎಳೆದುಕೊಳ್ಳುತ್ತಿದೆ. ಬಯಲಲ್ಲಿ, ಗಾಳಿ ಬೀಸುವ ಕಡೆ ಇಟ್ಟು ನೋಡಿ. ಕೊನೆಯ ಟ್ಯೂನಿಂಗ್ ಯಾವತ್ತೂ ನೀರಿಗೆ ಇಳಿಸಿಯೇ ಮಾಡಿ.

ಆಯಿಲ್ ಎಷ್ಟು ಬೆರೆಸಬೇಕು?

50:1 (ಐವತ್ತು ಪಾಲು ಎಣ್ಣೆಗೆ ಒಂದು ಪಾಲು ಆಯಿಲ್) ಅಂದರೆ ಲೀಟರಿಗೆ 20 ಮಿಲಿ. 24:1 ಅಂದರೆ ಲೀಟರಿಗೆ ಸುಮಾರು 42 ಮಿಲಿ. ಜಾನ್ಸನ್, ಎವಿನ್‌ರೂಡ್ 1964ರ ಸುಮಾರಿಗೆ 50:1ಕ್ಕೆ ಬಂದವು. ಅದಕ್ಕಿಂತ ಹಳೆಯದಾಗಿ ಬುಷ್ ಬೇರಿಂಗ್ ಇದ್ದರೆ 24:1 ಬೇಕೇ ಬೇಕು. ಉಳಿದವಕ್ಕೆ ಕಂಪನಿಯ ಪುಸ್ತಕ ನೋಡಿ. ಟಿಸಿ-ಡಬ್ಲ್ಯೂ3 ಅಂತ ಬರೆದಿರುವ ಔಟ್‌ಬೋರ್ಡ್ ಆಯಿಲನ್ನೇ ಕೊಳ್ಳಿ. ಅದರಲ್ಲಿ ಬೂದಿ ಉಳಿಸುವ ಅಂಶ ಇಲ್ಲ. ಬೈಕಿನ ಆಯಿಲ್ ಹಾಕಿದರೆ ಪ್ಲಗ್ಗಿನ ಮೇಲೆ ಬೂದಿ ಕೂರುತ್ತದೆ.

ಮೋಟರ್ ಜೋರಾಗಿ ಕೂಗುತ್ತದೆ, ದೋಣಿ ಮುಂದೆ ಹೋಗುವುದಿಲ್ಲ.

ಇದು ಮೋಟರಿನ ತೊಂದರೆ ಅಲ್ಲ. ಪ್ರೊಪೆಲ್ಲರ್ ಎಲ್ಲಾದರೂ ಬಡಿದರೆ ತಾನೇ ಮುರಿಯುವ ಶಿಯರ್ ಪಿನ್ ತುಂಡಾಗಿದೆ, ಅಥವಾ ಪ್ರೊಪೆಲ್ಲರಿನ ರಬ್ಬರ್ ಬುಷ್ ಜಾರುತ್ತಿದೆ. ಎರಡು ಪಿನ್, ಒಂದು ಇಕ್ಕಳ ದೋಣಿಯಲ್ಲೇ ಇಟ್ಟಿರಿ.

ಮೋಟರ್ ಉಪ್ಪುನೀರಿಗೆ ಬಿತ್ತು. ಏನು ಮಾಡಲಿ?

ಓಡುತ್ತಿರುವಾಗ ಬಿದ್ದಿದ್ದು, ಹಗ್ಗ ಎಳೆದರೆ ತಿರುಗದಿದ್ದರೆ ಬಲವಂತ ಬೇಡ, ಮೆಕ್ಯಾನಿಕ್ ಹತ್ತಿರ ಒಯ್ಯಿರಿ. ತಿರುಗಿದರೆ ತಕ್ಷಣ ಸಿಹಿನೀರಿನಲ್ಲಿ ತೊಳೆಯಿರಿ. ಪ್ಲಗ್ ತೆಗೆದು, ತೂತು ಕೆಳಗೆ ಮಾಡಿ, ಹಗ್ಗ ಎಳೆದು ನೀರು ಹೊರಗೆ ಹಾಕಿ. ಆಯಿಲ್ ಬಿಟ್ಟು ಮತ್ತೆ ಎಳೆಯಿರಿ. ಅದೇ ದಿನ ಸ್ಟಾರ್ಟ್ ಮಾಡಿ ಅರ್ಧ ಗಂಟೆ ಓಡಿಸಿ. ಅವತ್ತು ಆಗದಿದ್ದರೆ ಸಿಹಿನೀರಿನ ಡ್ರಮ್ಮಿನಲ್ಲೇ ಮುಳುಗಿಸಿ ಇಡಿ. ವಿಚಿತ್ರ ಅನಿಸಬಹುದು, ಆದರೆ ತುಕ್ಕು ಹಿಡಿಯುವುದು ಒದ್ದೆ ಮೋಟರಿಗೆ ಗಾಳಿ ತಾಗಿದಾಗ.

ಹಳೆಯ ಮೋಟರಿಗೆ ಸಾಮಾನು ಸಿಗುತ್ತದಾ?

ಓಲೆ ಎವಿನ್‌ರೂಡ್ ಅಮೆರಿಕದ ಮಿಲ್ವಾಕಿಯಲ್ಲಿ ತನ್ನ ಮೋಟರ್ ಮಾರಲು ಶುರು ಮಾಡಿದ್ದು 1909ರಲ್ಲಿ. ಜಾನ್ಸನ್, ಎವಿನ್‌ರೂಡ್ ಎರಡನ್ನೂ ಮಾಡುತ್ತಿದ್ದ ಕಂಪನಿ 2000ನೇ ಇಸವಿಯ ಕೊನೆಗೆ ದಿವಾಳಿಯಾಯಿತು. ಬೇರೆಯವರು ಕೊಂಡು ನಡೆಸಿದರೂ 2020ರಲ್ಲಿ ಎವಿನ್‌ರೂಡ್ ತಯಾರಿಕೆಯೂ ನಿಂತಿತು. ಆದರೂ ಪಾಯಿಂಟ್, ಕಂಡೆನ್ಸರ್, ಕಾಯಿಲ್, ಕಾರ್ಬೋರೇಟರ್ ಕಿಟ್ ಬೇರೆ ತಯಾರಕರಿಂದ ಸಿಗುತ್ತವೆ. ತರಿಸುವಾಗ ಮೋಟರಿನ ಮೈಮೇಲಿನ ಮಾಡೆಲ್ ನಂಬರ್ ಪೂರ್ತಿ ಕೊಡಿ. ಹೆಚ್‌ಪಿ ಹೇಳಿದರೆ ಸಾಲದು.

ಯಾವಾಗ ಬಿಟ್ಟುಬಿಡಬೇಕು?

ಹೆಡ್ ಬಿಚ್ಚಿದಾಗ ಸಿಲಿಂಡರಿನ ಗೋಡೆಯಲ್ಲಿ ಉಗುರಿಗೆ ಸಿಕ್ಕುವಷ್ಟು ಆಳದ ಗೀರು ಕಂಡರೆ ಬೋರ್ ಮಾಡಿಸಬೇಕು. ಅದಕ್ಕೆ ಸರಿಹೋಗುವ ಓವರ್‌ಸೈಜ್ ಪಿಸ್ಟನ್ ಸಿಗುತ್ತದಾ ಅಂತ ಮೊದಲು ವಿಚಾರಿಸಿ, ಆಮೇಲೆ ಕೆಲಸಕ್ಕೆ ಕೊಡಿ. ಪಿಸ್ಟನ್ ಸಿಗದಿದ್ದರೆ ಅದನ್ನು ಕಡಲಿಗೆ ಒಯ್ಯಬೇಡಿ, ಹೊಳೆಗೂ ಬೇಡ. ಅದರ ಮ್ಯಾಗ್ನೆಟೋ, ಕಾರ್ಬೋರೇಟರ್, ಗೇರ್ ಬಾಕ್ಸ್ ಬಿಚ್ಚಿ ಆಯಿಲ್ ಹಚ್ಚಿ, ಬಟ್ಟೆಯಲ್ಲಿ ಸುತ್ತಿ ಅಟ್ಟದ ಮೇಲಿಡಿ. ನಮ್ಮ ಮೋಟರಿನ ಈಗಿನ ಕೆಳಗಿನ ಕಾಯಿಲ್ ಬಂದದ್ದು ಹಾಗೆ ಇಟ್ಟಿದ್ದ ಪಕ್ಕದ ಮನೆಯ ಅಟ್ಟದಿಂದ.